ತಗ್ಗು ಯಾರಿಗೆ, ಎತ್ತರ ಯಾರಿಗೆ?

ಹೊಲಕ್ಕೆ ಬದು, ಮನೆಗೆ ಹೊಸ್ತಿಲು, ಊರಿಗೆ ಗಡಿಕಲ್ಲು ಇಲ್ಲದೆ ಲೋಕವ್ಯವಹಾರ ನಡೆಯದು. ಆದುದರಿಂದ ಎಲ್ಲೆಯನ್ನೇ ಅಧರ್ಮವೆನ್ನಲಾಗದು. ಎಲ್ಲೆ ಎಳೆದವನು ಆಚೆಗಿರುವವನನ್ನು ಹೇಗೆ ಕಾಣುತ್ತಾನೆ ಎಂಬಲ್ಲಿ ಧರ್ಮದ ಪ್ರಶ್ನೆ ಏಳುತ್ತದೆ.

ಇಂಗ್ಲೆಂಡ್ ಮತ್ತು ವೇಲ್ಸ್ ನಾಡುಗಳ ಗಡಿಸೀಮೆಯಲ್ಲಿ ಒಂದು ಪ್ರಾಚೀನ ಮಣ್ಣಿನ ದಿಬ್ಬವಿದೆ. ಕ್ರಿ.ಶ. 757ರಿಂದ 796ರವರೆಗೆ ಮರ್ಸಿಯಾ ರಾಜ್ಯವನ್ನಾಳಿದ ಆಫಾ ಎಂಬ ಆಂಗ್ಲೋ-ಸ್ಯಾಕ್ಸನ್ ದೊರೆ ಅದನ್ನು ಕಟ್ಟಿಸಿದನೆಂದು ಮುಂದಿನ ಶತಮಾನದಲ್ಲಿ ವೇಲ್ಸಿನವನೇ ಆದ ಅಸ್ಸರ್ ಬರೆದಿಟ್ಟಿದ್ದಾನೆ. ಕಂದಕವನ್ನು ವೇಲ್ಸ್ ಕಡೆಗೆ ತೋಡಿ, ಅಗೆದ ಮಣ್ಣನ್ನು ಮರ್ಸಿಯಾದ ಕಡೆಗೆ ಪೇರಿಸಿರುವುದು ಅದರ ವಿಶೇಷ. ತಗ್ಗು ನೆರೆಯವನಿಗೆ, ಎತ್ತರ ತನಗೆ!

ಮೋಯಾರ್‌ನ ನಮಗೂ ಒಂದು ಕಂದಕವುಂಟು. ನಮ್ಮ ಹೊಳೆ ಕೊರೆದಿರುವ ಆಳವಾದ ಕಮರಿಗೆ ‘ಮೈಸೂರು ಡಿಚ್’ ಎಂದೇ ಹೆಸರು. ಅತ್ತ ಬಂಡೀಪುರ, ಇತ್ತ ಮುದುಮಲೆ. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು. ನೀಲಗಿರಿ ಮದ್ರಾಸಿನಲ್ಲಿಯೇ ಉಳಿಯಿತು. ಆದರೆ ಹೊಳೆ ಕಮರಿಯನ್ನು ಕೊರೆಯಿತೇ ಹೊರತು ಯಾವ ದಡದವರಿಗೂ ದಿಬ್ಬ ಕಟ್ಟಿಕೊಡಲಿಲ್ಲ. ದಿಬ್ಬ ಕಟ್ಟುವ ಕೆಲಸ ಮನುಷ್ಯನದು.

ಆಫಾನ ಕಾಲವಾಗಿ ನೂರು ವರ್ಷ ತುಂಬುವ ಮೊದಲೇ ‘ಕವಿರಾಜಮಾರ್ಗ’ವು ಕನ್ನಡನಾಡನ್ನು ಕಾವೇರಿ ಗೋದಾವರಿಗಳ ನಡುವೆ ಗುರುತಿಸಿತು. ಮೋಯಾರ್ ಭವಾನಿಯನ್ನು ಸೇರುತ್ತದೆ. ಭವಾನಿ ತೆಂಕಣದಿಂದ ಬಂದು ಕಾವೇರಿಯನ್ನು ಕೂಡುತ್ತದೆ. ಆ ಲೆಕ್ಕದಲ್ಲಿ ನಾವು ಅಂದಿಗೂ ಹೊರಗಿನವರು, ಇಂದಿಗೂ ಹೊರಗಿನವರು. ಆದರೂ ನಮ್ಮ ಮನೆಗಳಲ್ಲಿ ಕನ್ನಡ ಬದುಕಿದೆ. ಗಡಿಯಾಚೆಯವರೆಂದು ಯಾರಾದರೂ ನಮ್ಮನ್ನು ಮರೆತರೆ ನೋಯುತ್ತೇವೆ. ಆ ನೋವು ನ್ಯಾಯವಾದುದೇ.

ಆದರೆ ಅದೇ ನ್ಯಾಯವನ್ನು ನಾನು ಪಾಲಿಸಿದೆನೇ? ಉಪಾಧ್ಯಾಯನಾಗಿದ್ದಾಗ ಒಮ್ಮೆ ಬಡಗರ ಹುಡುಗನೊಬ್ಬನ ಹೆಸರು ದಾಖಲಿಸುತ್ತ, ಮಾತೃಭಾಷೆಯ ಅಂಕಣದಲ್ಲಿ ಕೇಳದೆಯೇ ‘ಕನ್ನಡ’ ಎಂದು ಬರೆದೆ. ಅವನ ತಾಯಿ ಮೆಲ್ಲನೆ, “ನಮ್ಮದು ಬಡಗ ಮಾತು, ಸಾರ್” ಎಂದರು. “ಅದೂ ಕನ್ನಡವೇ ಅಲ್ಲವೇನಮ್ಮಾ?” ಎಂದು ನಕ್ಕೆ. ಅವರು ನಗಲಿಲ್ಲ. ಬಡಗರೆಂದರೆ ಬಡಗಣದಿಂದ, ಮೈಸೂರು ಸೀಮೆಯಿಂದ ಬಂದವರೆಂದು ಹೇಳುವುದುಂಟು. ಎರಡು ನುಡಿಗಳೂ ಒಡಹುಟ್ಟಿದವು. ಆದರೆ ತಂಗಿಯನ್ನು ತಂಗಿಯೆನ್ನುವುದು ಪ್ರೀತಿ. ಅವಳಿಗೆ ಬೇರೆ ಹೆಸರೇ ಬೇಡವೆನ್ನುವುದು ದರ್ಪ. ಪ್ರೀತಿಯೆಂದು ಭಾವಿಸಿ ನಾನು ದಿಬ್ಬದ ಮೇಲೆ ನಿಂತು ಮಾತನಾಡಿದ್ದೆ.

ತಮಿಳು, ಬಡಗ, ಇರುಳ, ಕುರುಂಬ ನುಡಿಗಳ ನಡುವೆ ನಮ್ಮ ಸಂಘ ಬಾಳುತ್ತಿದೆ. ಸಂಘವೂ ಒಂದು ಎಲ್ಲೆಯೇ. ಅದು ಇರಲಿ, ಇಲ್ಲವಾದರೆ ಮಕ್ಕಳ ನಾಲಗೆಯಲ್ಲಿ ಕನ್ನಡ ಉಳಿಯದು. ಆದರೆ ನಮ್ಮ ನುಡಿಗೆ ನಾವು ಬೇಡುವ ಗೌರವವನ್ನು ನೆರೆಯವರ ನುಡಿಗೂ ಸಲ್ಲಿಸಬೇಕು. ಆ ತಾಯಿ ತಿದ್ದಿದ ಅಕ್ಷರವನ್ನು ಅಂದು ನಾನು ತಿದ್ದಿ ಬರೆದೆ. ಅನಂತರ ಎಂದೂ ಆ ಅಂಕಣವನ್ನು ಕೇಳದೆ ತುಂಬಲಿಲ್ಲ.