ಕೀಟ-ಭ್ರಮರ ನ್ಯಾಯದಲ್ಲಿ ನ್ಯಾಯವೆಷ್ಟು?

ವೇದಾಂತದ ಪ್ರವಚನಕ್ಕೆ ನಾಲ್ಕು ದಿನ ಹೋಗಿ ಕುಳಿತವರಿಗೆಲ್ಲ ಕೀಟ-ಭ್ರಮರ ನ್ಯಾಯವು ಪರಿಚಿತವಾದದ್ದೇ. ಭ್ರಮರವೊಂದು ಬಡ ಹುಳುವನ್ನು ಹಿಡಿದು ತಂದು ಮಣ್ಣಿನ ಗೂಡಿನಲ್ಲಿ ಕೂಡಿಹಾಕುತ್ತದೆ, ಸುತ್ತಲೂ ಝೇಂಕರಿಸುತ್ತದೆ, ಒಳಗಿನ ಹುಳು ಹಗಲಿರುಳೂ ಭಯದಿಂದ ಆ ಭ್ರಮರವನ್ನೇ ನೆನೆಯುತ್ತದೆ, ನೆನೆದು ನೆನೆದು ಕೊನೆಗೊಂದು ದಿನ ತಾನೂ ಭ್ರಮರವಾಗಿ, ಗೂಡೊಡೆದು ಹಾರಿಹೋಗುತ್ತದೆ. ಯಾವುದನ್ನು ಎಡೆಬಿಡದೆ ಧ್ಯಾನಿಸುವೆಯೋ ಅದೇ ನೀನಾಗುವೆ ಎಂಬುದು ಇದರ ತಾತ್ಪರ್ಯ. ಭಾಗವತದ ಏಕಾದಶ ಸ್ಕಂಧದಲ್ಲಿ ಅವಧೂತನು ಯದುರಾಜನಿಗೆ ಹೆಸರಿಸುವ 24 ಗುರುಗಳ ಸಾಲಿನಲ್ಲಿ ಈ ಭ್ರಮರಕ್ಕೂ ಸ್ಥಾನವುಂಟು. ವಿವೇಕಚೂಡಾಮಣಿಯೂ ಈ ದೃಷ್ಟಾಂತವನ್ನು ಬಳಸಿಕೊಂಡಿದೆ. ಇಷ್ಟು ದೊಡ್ಡವರು ಎತ್ತಿಕೊಂಡ ಹುಳುವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಅವಿನಯವೇನಲ್ಲ.

ದೃಷ್ಟಾಂತವನ್ನು ಕಟ್ಟಿದವರು ಏನನ್ನೂ ನೋಡದೆ ಕಟ್ಟಿದರೆಂದು ಹೇಳುವಂತಿಲ್ಲ. ಹೊರಗಿನಿಂದ ಕಾಣುವಷ್ಟನ್ನು ಅವರು ಸರಿಯಾಗಿಯೇ ಕಂಡಿದ್ದರು. ಕಿಟಕಿಯ ಮೂಲೆಯಲ್ಲೋ, ದೇವರ ಪಟದ ಹಿಂದೋ, ಬಹುದಿನ ಯಾರೂ ತೆಗೆಯದ ಪುಸ್ತಕದ ಬೆನ್ನಿಗೋ ಮಣ್ಣಿನ ಪುಟ್ಟ ಗೂಡು ಅಂಟಿಕೊಂಡಿರುವುದನ್ನು ವಾಚಕರು ಕಂಡಿರಬೇಕು. ಅದನ್ನು ಕಟ್ಟುವುದು ಕಣಜದ ಜಾತಿಯ ಒಂದು ಹುಳು. ಕುಂಬಾರ ಹುಳುವೆಂದೂ ಕರೆಯುವುದುಂಟು. ಶಾಸ್ತ್ರದ ಭ್ರಮರ ಇದೇ ಹೊರತು, ಹೂವಿನಿಂದ ಹೂವಿಗೆ ಹಾರಿ ಕವಿಗಳನ್ನು ಮರುಳುಗೊಳಿಸುವ ದುಂಬಿಯಲ್ಲ. ಅದು ಒದ್ದೆ ಮಣ್ಣಿನ ಉಂಡೆಯನ್ನು ಬಾಯಲ್ಲಿ ಕಚ್ಚಿ ತರುತ್ತದೆ. ಪುಟ್ಟ ಕುಡಿಕೆಯನ್ನು ಕಟ್ಟುತ್ತದೆ. ಎಲೆ ತಿನ್ನುವ ಹಸುರು ಹುಳುಗಳನ್ನು ಹೊತ್ತು ತಂದು ತುಂಬುತ್ತದೆ. ಬಾಯಿಗೆ ಮಣ್ಣು ಮೆತ್ತಿ ಹಾರಿಹೋಗುತ್ತದೆ. ಕೆಲವು ವಾರಗಳಾದ ಮೇಲೆ ಗೂಡಿನಲ್ಲಿ ತೂತು ಬೀಳುತ್ತದೆ. ಹೊಸ ಭ್ರಮರ ಹೊರಬರುತ್ತದೆ. ಒಳಗೆ ಹೋದದ್ದು ಹುಳು, ಹೊರಗೆ ಬಂದದ್ದು ಭ್ರಮರ. ನಡುವೆ ನಡೆದದ್ದು ಕತ್ತಲಲ್ಲಿ ನಡೆಯಿತು. ಆ ಕತ್ತಲನ್ನು ನಮ್ಮ ಹಿರಿಯರು ಧ್ಯಾನದಿಂದ ತುಂಬಿದರು.

ಗೂಡಿನ ಒಳಗೆ ಇಣುಕಿ ನೋಡಿದವರಲ್ಲಿ ಬಹು ದೊಡ್ಡವನು ಫ್ರಾನ್ಸಿನ ಫಾಬ್ರ್. 1823ರಲ್ಲಿ ಬಡವರ ಮನೆಯಲ್ಲಿ ಹುಟ್ಟಿ, ಬಹುಕಾಲ ಉಪಾಧ್ಯಾಯನಾಗಿದ್ದು, 1915ರಲ್ಲಿ ತೀರಿಕೊಂಡ ಈ ಮನುಷ್ಯ ತನ್ನ ಆಯುಷ್ಯದ ಬಹುಭಾಗವನ್ನು ಹುಳುಗಳ ಮುಂದೆ ಕುಳಿತು ಕಳೆದ. ಕಣಜಗಳ ಗೂಡಿನಲ್ಲಿ ದೊರೆಯುವ ಬೇಟೆ ಎಷ್ಟು ದಿನವಾದರೂ ಕೊಳೆಯದಿರುವುದನ್ನು ಅವನಿಗಿಂತ ಮೊದಲೇ ಲೆಯೋ ದ್ಯುಫೂರ್ ಎಂಬ ವಿದ್ವಾಂಸ ಗಮನಿಸಿದ್ದ. ಕಣಜವು ಕೆಡದಂತೆ ಕಾಪಾಡುವ ಯಾವುದೋ ರಸವನ್ನು ಚುಚ್ಚುತ್ತದೆಯೆಂದು ಊಹಿಸಿದ್ದ. ಫಾಬ್ರ್ 1855ರಲ್ಲಿ ನಿಜಸಂಗತಿಯನ್ನು ತೋರಿಸಿಕೊಟ್ಟ. ಬೇಟೆ ಕೆಡದಿರುವುದಕ್ಕೆ ಕಾರಣ ಸರಳ: ಅದು ಸತ್ತೇ ಇಲ್ಲ. ಕಣಜದ ಕೊಂಡಿ ಅದರ ನರಗಂಟುಗಳಿಗೆ ತಾಗಿ, ಲಕ್ವ ಹೊಡೆದವರಂತೆ ಅದು ಚಲನೆಯನ್ನಷ್ಟೇ ಕಳೆದುಕೊಂಡಿದೆ.

ಕುಂಬಾರ ಹುಳು ಗೂಡು ಕಟ್ಟಿದೊಡನೆ ಮಾಡುವ ಮೊದಲ ಕೆಲಸ ಮೊಟ್ಟೆಯಿಡುವುದು. ಮೊಟ್ಟೆಯನ್ನು ನೆಲದ ಮೇಲಿಡದೆ, ಗೂಡಿನ ಚಾವಣಿಯಿಂದ ಸಣ್ಣ ಎಳೆಯೊಂದರಲ್ಲಿ ತೊಟ್ಟಿಲಿನಂತೆ ತೂಗುಬಿಡುತ್ತದೆ. ಕೆಳಗೆ ತುಂಬುವ ಹುಳುಗಳಿಗೆ ಹೊರಳಾಡುವಷ್ಟು ಶಕ್ತಿ ಇನ್ನೂ ಉಳಿದಿರುತ್ತದೆ. ಮೊಟ್ಟೆ ನೆಲದ ಮೇಲಿದ್ದರೆ ಜಜ್ಜಿಹೋದೀತು. ಮೊಟ್ಟೆಯೊಡೆದ ಮರಿ ಆ ಎಳೆಯಿಂದಲೇ ಬಗ್ಗಿ ಮೊದಲ ತುತ್ತನ್ನು ತೆಗೆದುಕೊಳ್ಳುತ್ತದೆ. ಸ್ಕೋಲಿಯ ಎಂಬ ಇನ್ನೊಂದು ಜಾತಿಯ ಕಣಜದ ಮರಿ ಗೊಣ್ಣೆಹುಳುವನ್ನು ತಿನ್ನುತ್ತದೆ. ಇಲ್ಲದಿದ್ದರೂ ಜೀವ ನಿಲ್ಲುವಂಥ ಭಾಗಗಳನ್ನು ಮೊದಲು, ಜೀವಸ್ಥಾನಗಳನ್ನು ಕಟ್ಟಕಡೆಗೆ. ಫಾಬ್ರ್ ಮರಿಯನ್ನು ಎತ್ತಿ ಬೇರೊಂದು ಕಡೆ ಬಾಯಿ ಹಾಕುವಂತೆ ಮಾಡಿದಾಗ ಗೊಣ್ಣೆಹುಳು ಬೇಗ ಸತ್ತು ಕೊಳೆಯಿತು, ಮರಿಯೂ ಸತ್ತಿತು. ಹೊರಗೆ ಬಂದ ಭ್ರಮರ ಒಳಗೆ ಹೋದ ಹುಳುವಲ್ಲ. ಅದನ್ನು ತಿಂದು ಬೆಳೆದದ್ದು.

ಇದನ್ನು ತಿಳಿದವರ ನೆಮ್ಮದಿ ಕದಡುವುದು ಸಹಜ. ಡಾರ್ವಿನ್ನನು 1860ರಲ್ಲಿ ಅಮೆರಿಕದ ಸಸ್ಯಶಾಸ್ತ್ರಜ್ಞ ಏಸಾ ಗ್ರೇಗೆ ಬರೆದ ಕಾಗದದಲ್ಲಿ, ಬದುಕಿರುವ ಹುಳುವಿನ ದೇಹದೊಳಗೇ ಬೆಳೆಯುವ ಇಕ್ನ್ಯೂಮನ್ ಎಂಬ ಕಣಜದ ದಾಯಾದಿಗಳ ಪ್ರಸ್ತಾಪವಿದೆ. ದಯಾಮಯನೂ ಸರ್ವಶಕ್ತನೂ ಆದ ದೇವರು ಬೇಕೆಂದೇ ಇಂಥ ಜೀವಿಗಳನ್ನು ನಿರ್ಮಿಸಿದನೆಂದು ಒಪ್ಪಲು ತನ್ನ ಮನಸ್ಸು ಒಡಂಬಡದೆಂಬುದು ಅವನ ಅಳಲು.

ಆದರೆ ಇದನ್ನು ಕ್ರೌರ್ಯವೆಂದು ಕರೆಯುವ ಮೊದಲು ತಾಯಿ ಕಣಜದ ಕಡೆಗೊಮ್ಮೆ ನೋಡಬೇಕು. ಅದು ತನ್ನ ಮರಿಯ ಮುಖವನ್ನು ಕಾಣುವುದಿಲ್ಲ. ಮಣ್ಣು ಹೊತ್ತದ್ದು, ಬೇಟೆಯಾಡಿದ್ದು, ಮೊಟ್ಟೆಗೆ ತೊಟ್ಟಿಲು ಕಟ್ಟಿದ್ದು ಎಲ್ಲವೂ ತಾನು ಎಂದೂ ನೋಡದ ಸಂತಾನಕ್ಕಾಗಿ. ಮನುಷ್ಯರಲ್ಲಿ ಇಷ್ಟನ್ನು ಕಂಡರೆ ನಿಷ್ಕಾಮಕರ್ಮವೆಂದು ಹೊಗಳುತ್ತೇವೆ. ಒಂದೇ ಕೆಲಸ ಮರಿಯ ಕಡೆಯಿಂದ ವಾತ್ಸಲ್ಯ, ಹುಳುವಿನ ಕಡೆಯಿಂದ ಚಿತ್ರಹಿಂಸೆ.

ಇನ್ನು ನಮ್ಮ ಕರುಣೆಯಾದರೂ ಎಂಥದು? ಹೊಳೆಯುವ ಹಸುರು ಮೈಯ ಮತ್ತೊಂದು ಕಣಜವುಂಟು. ನಮ್ಮ ದೇಶದಲ್ಲಿಯೂ ಇದೆ. ಅದರ ಬೇಟೆ ಜಿರಲೆ. ಮೊದಲು ಎದೆಗೆ ಚುಚ್ಚಿ ಮುಂಗಾಲುಗಳನ್ನು ಸೋಲಿಸುತ್ತದೆ. ಬಳಿಕ ನೇರವಾಗಿ ಮಿದುಳಿಗೇ ಚುಚ್ಚುತ್ತದೆ. ಜಿರಲೆಗೆ ಆಮೇಲೆ ನಡೆಯಲು ಶಕ್ತಿಯಿದ್ದರೂ ತಾನಾಗಿ ಹೆಜ್ಜೆಯಿಡುವ ಇಚ್ಛೆಯಿಲ್ಲ. ಕಣಜ ಅದರ ಮೀಸೆಯನ್ನು ಅರ್ಧಕ್ಕೆ ಕತ್ತರಿಸಿ, ಉಳಿದ ಮೋಟನ್ನು ಹಿಡಿದು, ಹಗ್ಗ ಕಟ್ಟಿದ ಹಸುವನ್ನು ನಡೆಸುವಂತೆ ಬಿಲಕ್ಕೆ ನಡೆಸಿಕೊಂಡು ಹೋಗುತ್ತದೆ. ಹಸುರು ಹುಳುವಿಗಾಗಿ ಮರುಗಿದವರಲ್ಲಿ ಜಿರಲೆಗಾಗಿ ಮರುಗುವವರು ಎಷ್ಟು ಮಂದಿ? ಪರಂಗಿಗಿಡದ ಹಿಟ್ಟುತಿಗಣೆ 2008ರಲ್ಲಿ ಕೊಯಮತ್ತೂರಿನ ಕಡೆ ಕಾಣಿಸಿಕೊಂಡು ಪರಂಗಿಯನ್ನೂ ಹಿಪ್ಪುನೇರಳೆಯನ್ನೂ ಹಾಳುಮಾಡತೊಡಗಿದಾಗ, ಬೆಂಗಳೂರಿನ ಕೃಷಿಕೀಟ ಸಂಸ್ಥೆಯವರು 2010ರಲ್ಲಿ ಪೋರ್ಟೊ ರಿಕೋದಿಂದ ಸಾಸಿವೆಗಿಂತ ಚಿಕ್ಕ ಕಣಜಗಳನ್ನು ತರಿಸಿ ಬಿಟ್ಟರು. ಅವುಗಳ ಮರಿಗಳು ತಿಗಣೆಯನ್ನು ಒಳಗಿನಿಂದಲೇ ತಿಂದು ಮುಗಿಸಿದವು, ಪಿಡುಗು ಇಳಿಯಿತು, ರೈತರು ಉಸಿರಾಡಿದರು. ಡಾರ್ವಿನ್ನನ ನೆಮ್ಮದಿ ಕೆಡಿಸಿದಂಥ ಕೆಲಸವೇ ಇಲ್ಲಿ ಉಪಕಾರವೆನಿಸಿತು.

ಆದ್ದರಿಂದ ಪ್ರಕೃತಿಯನ್ನು ದಯಾಮಯಿ ಎನ್ನುವುದೂ ಕ್ರೂರಿ ಎನ್ನುವುದೂ ನಮ್ಮ ಮಾತು, ಅದರದಲ್ಲ. ಅದನ್ನು ಗುರುಪೀಠದಲ್ಲಿ ಕೂರಿಸುವವರು ತಮಗೆ ಬೇಕಾದ ಪಾಠವನ್ನೇ ಅದರ ಬಾಯಿಂದ ಹೇಳಿಸುತ್ತಾರೆ. ಬಲ್ಲಿದನು ಬಡವನನ್ನು ನುಂಗುವುದು ಸೃಷ್ಟಿನಿಯಮವೆಂದು ವ್ಯಾಪಾರದಲ್ಲಿಯೂ ರಾಜಕೀಯದಲ್ಲಿಯೂ ವಾದಿಸುವವರಿದ್ದಾರೆ. ಅದಕ್ಕೆ ಎದುರಾಗಿ ಕ್ರೊಪಾಟ್ಕಿನ್ 1902ರ ತನ್ನ ಗ್ರಂಥದಲ್ಲಿ ಪ್ರಾಣಿಗಳ ಪರಸ್ಪರ ಸಹಾಯದ ನಿದರ್ಶನಗಳನ್ನು ರಾಶಿಹಾಕಿದ. ಎರಡಕ್ಕೂ ಸಾಕ್ಷಿ ದೊರೆಯುತ್ತದೆ. ದೊರೆಯುವುದರಿಂದಲೇ ಎರಡೂ ನಮ್ಮ ನಡತೆಗೆ ಪ್ರಮಾಣವಾಗಲಾರವು. ಹಕ್ಸ್‌ಲಿ 1893ರಲ್ಲಿ ಆಕ್ಸ್‌ಫರ್ಡಿನ ಉಪನ್ಯಾಸದಲ್ಲಿ, ಸಮಾಜದ ನೈತಿಕ ಉನ್ನತಿಯು ವಿಶ್ವದ ಆ ಹೋರಾಟವನ್ನು ಅನುಕರಿಸುವುದರಲ್ಲಿಲ್ಲ, ಎದುರಿಸುವುದರಲ್ಲಿದೆ ಎಂದು ಹೇಳಿದ. ಈ ವಿವೇಕ ನಮ್ಮವರಿಗೆ ಹೊಸದೇನಲ್ಲ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದನ್ನು ಕಂಡು ಅವರು ಮತ್ಸ್ಯನ್ಯಾಯವೆಂಬ ಇನ್ನೊಂದು ನ್ಯಾಯವನ್ನು ಹೇಳಿದರು. ಆದರೆ ಮೀನಿನಂತೆ ಬಾಳಿರಿ ಎನ್ನಲಿಲ್ಲ. ಮನುಷ್ಯರಲ್ಲಿ ಅದು ತಲೆಯೆತ್ತದಂತೆ ತಡೆಯುವುದಕ್ಕೇ ರಾಜದಂಡವೆಂದು ಕೌಟಿಲ್ಯನ ಅರ್ಥಶಾಸ್ತ್ರ ಬೋಧಿಸುತ್ತದೆ.

ಹಾಗಾದರೆ ಕೀಟ-ಭ್ರಮರ ನ್ಯಾಯವನ್ನು ಪ್ರವಚನಕಾರರು ಕೈಬಿಡಬೇಕೆ? ದೃಷ್ಟಾಂತವೆಂಬುದು ದೀಪ. ದೀಪ ಆರಿದರೆ ಮನೆಯೊಳಗಿನ ವಸ್ತು ಮಾಯವಾಗುವುದಿಲ್ಲ. ಇದೆಯೋ ಇಲ್ಲವೋ ಎಂದು ಬೇರೆ ಬೆಳಕಿನಲ್ಲಿ ನೋಡಬೇಕು, ಅಷ್ಟೆ. ನೆನೆದದ್ದೇ ಆಗುವೆವೆಂಬುದಕ್ಕೆ ಹುಳುವಿನ ಸಾಕ್ಷಿ ಬೇಕಿಲ್ಲ. ದಿನವಿಡೀ ಹಣವನ್ನೇ ಎಣಿಸುವವನ ಮುಖವನ್ನು ನೋಡಿದರೆ ಸಾಕು; ಹತ್ತು ವರ್ಷ ಒಂದೇ ಶತ್ರುವನ್ನು ದ್ವೇಷಿಸಿದವನು ನಡೆನುಡಿಯಲ್ಲಿ ಅವನನ್ನೇ ಹೋಲತೊಡಗುವುದನ್ನು ನೋಡಿದರೆ ಸಾಕು. ಪ್ರೀತಿಯಿಂದ ಮಾತ್ರವಲ್ಲ, ದ್ವೇಷದಿಂದಲೂ ಭಯದಿಂದಲೂ ಈ ಮಾರ್ಪಾಡು ಆಗುತ್ತದೆಂದು ಭಾಗವತವೇ ಹೇಳುತ್ತದೆ. ಇದು ಮನುಷ್ಯರನ್ನು ನೋಡಿ ತಿಳಿದ ಮಾತು. ಹುಳುವಿನ ಕಥೆ ಬಿದ್ದರೂ ಇದು ಬೀಳದು. ಬೇಕಾದರೆ ನಿಜವಾದ ಕಥೆಯಿಂದಲೂ ಒಂದು ಪಾಠ ಕಲಿಯಬಹುದು. ಗೂಡಿನಲ್ಲಿ ಕೂಡಿಹಾಕಿ, ತನ್ನ ಝೇಂಕಾರವನ್ನಲ್ಲದೆ ಬೇರೇನನ್ನೂ ಕೇಳಗೊಡದ ಗುರುವು ಶಿಷ್ಯನನ್ನು ತನ್ನಂತೆ ಮಾಡುತ್ತಿರುವನೋ, ತನ್ನವರಿಗೆ ಆಹಾರ ಮಾಡುತ್ತಿರುವನೋ ಎಂಬುದನ್ನು ಶಿಷ್ಯನು ಕೈಕಾಲು ಆಡುತ್ತಿರುವಾಗಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಕೊನೆಗೊಂದು ಪ್ರಶ್ನೆ ಉಳಿಯುತ್ತದೆ. ಇಷ್ಟನ್ನೆಲ್ಲ ತಿಳಿದ ಸಹೃದಯರೊಬ್ಬರು ದೇವರ ಪಟದ ಹಿಂದಿನ ಗೂಡನ್ನು ಕಂಡು, ಒಳಗಿನ ಬಡಪಾಯಿಗಳನ್ನು ಬಿಡಿಸೋಣವೆಂದು ಪೊರಕೆಯೆತ್ತಿದರು ಎನ್ನೋಣ. ಗೂಡು ಒಡೆಯುತ್ತದೆ, ಹಸುರು ಹುಳುಗಳು ನೆಲಕ್ಕೆ ಬೀಳುತ್ತವೆ. ಅವು ಎಲೆಯತ್ತ ಹರಿದು ಹೋಗಲಾರವು, ತಿನ್ನಲಾರವು; ಬಿದ್ದಲ್ಲೇ ಸಾಯುತ್ತವೆ. ಪಕ್ಕದಲ್ಲಿ ಕಣಜದ ಮರಿಯೂ ಒಣಗಿ ಸಾಯುತ್ತದೆ. ತಿಳಿವಳಿಕೆಯಿಲ್ಲದ ಕರುಣೆ ಒಂದು ಕಡೆಯ ಸಾವನ್ನು ಎರಡು ಕಡೆಯ ಸಾವಾಗಿ ಮಾಡಿತು.

ಹಾಗೆಂದು ಆ ಮರುಕವೇ ತಪ್ಪೆಂದಲ್ಲ. ಆ ಗೂಡಿನ ವ್ಯವಹಾರದಲ್ಲಿ ಕಣಜಕ್ಕೆ ಹುಳುವಿನ ಸಂಕಟ ಗೊತ್ತಿಲ್ಲ. ಮರಿಗೆ ತಾನು ಮಾಡುತ್ತಿರುವುದೇನೆಂದು ಗೊತ್ತಿಲ್ಲ. ಎರಡು ಕಡೆಯನ್ನೂ ಏಕಕಾಲಕ್ಕೆ ನೋಡಿ ನೊಂದುಕೊಳ್ಳಬಲ್ಲವನು ಹೊರಗೆ ನಿಂತ ಮನುಷ್ಯನೊಬ್ಬನೇ. ಆ ನೋವನ್ನು ತೀರಿಸಿಕೊಳ್ಳಲು ಕಣಜದ ಗೂಡು ತಕ್ಕ ಜಾಗವಲ್ಲ. ಪೊರಕೆಯನ್ನು ಕೆಳಗಿಟ್ಟು ಬೀದಿಗೆ ಬಂದರೆ, ಮನುಷ್ಯರು ಮನುಷ್ಯರಿಗೆ ಕಟ್ಟಿದ ಗೂಡುಗಳು ಬೇಕಾದಷ್ಟಿವೆ. ಅವುಗಳೊಳಗೆ ಸಿಕ್ಕಿಕೊಂಡವರನ್ನು ಹೊರಗೆ ತಂದರೆ ಅವರು ಎದ್ದು ನಡೆಯಬಲ್ಲರು.