ಯಾವ ಮಗುವಿಗೆ ಯಾವ ಪುಸ್ತಕ?

ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಿಕೊಡಲು ಹೊರಡುವ ಹೆತ್ತವರು ಮೊದಲು ಕೇಳುವುದು, ಒಳ್ಳೆಯ ಪುಸ್ತಕ ಯಾವುದು ಎಂದು. ನಾವೂ ಅದನ್ನೇ ಕೇಳಿದ್ದೆವು. ಆ ಪ್ರಶ್ನೆ ತಪ್ಪಲ್ಲ, ಆದರೆ ಅಪೂರ್ಣ ಎಂಬುದು ತಿಳಿಯಲು ನಮಗೆ ಒಂಬತ್ತು ತಿಂಗಳು ಬೇಕಾಯಿತು.

2020ರ ಮಾರ್ಚ್‌ನಲ್ಲಿ ಕೊರೋನಾದಿಂದಾಗಿ ಶಾಲೆಗಳು ಮುಚ್ಚಿದಾಗ ಬ್ಯಾಡಗಿಯ ನಮ್ಮ ಮನೆಯಲ್ಲಿ ಮೂವರು ಮಕ್ಕಳಿದ್ದರು. ದೊಡ್ಡವಳು ಹತ್ತನೆಯ ತರಗತಿಗೆ, ನಡುವಿನವನು ಐದಕ್ಕೆ, ಚಿಕ್ಕವನು ಒಂದಕ್ಕೆ ಹೋಗಬೇಕಿತ್ತು. ಆಗಸ್ಟ್‌ನಲ್ಲಿ ಸರಕಾರ ಆರಂಭಿಸಿದ 'ವಿದ್ಯಾಗಮ' ಅಕ್ಟೋಬರ್‌ನಲ್ಲಿ ನಿಂತುಹೋಯಿತು. ಚಂದನ ವಾಹಿನಿಯಲ್ಲಿ ಹೈಸ್ಕೂಲಿನ ಮಕ್ಕಳಿಗೆ ಪಾಠ ಬರುತ್ತಿತ್ತು. ಚಿಕ್ಕವರ ಕಲಿಕೆ ಮಾತ್ರ ಬಹುತೇಕ ಮನೆಯವರ ಹೆಗಲಿಗೇ ಬಿತ್ತು.

ನಾವು ಪೇಟೆಗೆ ಹೋಗಿ ಚಿಕ್ಕವನಿಗೆ ಬಣ್ಣದ ಚಿತ್ರಗಳ ಇಂಗ್ಲಿಷ್ ಪುಸ್ತಕ, ಗೋಡೆಗೆ ಹಚ್ಚುವ ಪಟ, ನಡುವಿನವನಿಗೆ ಗಣಿತದ ಅಭ್ಯಾಸ ಪುಸ್ತಕ ತಂದೆವು. ದೊಡ್ಡವಳಿಗೆ ಏನನ್ನೂ ತರಲಿಲ್ಲ. ಅವಳ ಪಠ್ಯಪುಸ್ತಕಗಳು ಇದ್ದವಲ್ಲ! ಬದಲಿಗೆ ತಮ್ಮಂದಿರಿಬ್ಬರನ್ನೂ ಅವಳ ಮುಂದೆ ಕೂರಿಸಿದೆವು. ಕೆಲಸ ಸಲೀಸಾಯಿತು. ಮನೆಯೇ ಶಾಲೆಯಾಯಿತೆಂದು ನೆಂಟರ ಮುಂದೆ ಹೇಳಿಕೊಂಡೆವು ಕೂಡ.

2021ರ ಜನವರಿ 1ರಂದು ಹತ್ತನೆಯ ತರಗತಿ ಮತ್ತೆ ಆರಂಭವಾಯಿತು. ಅವಳು ಚೀಲ ಹೆಗಲಿಗೇರಿಸಿ ಹೊರಟ ದಿನ ಮನೆಯ ಶಾಲೆ ಮುಚ್ಚಿತು. ಮೆಣಸಿನಕಾಯಿಯ ಹಂಗಾಮು; ನಮ್ಮಲ್ಲಿ ಒಬ್ಬರು ದಲಾಲಿ ಅಂಗಡಿಯ ಲೆಕ್ಕದಲ್ಲಿ, ಒಬ್ಬರು ಮನೆಯ ಕೆಲಸದಲ್ಲಿ. ಚಿಕ್ಕವನು ಪುಸ್ತಕ ಹಿಡಿದುಕೊಂಡು 'ಆಪಾ ಎಲ್ಲಿ?' ಎಂದು ಅತ್ತ. ಅಂದು ರಾತ್ರಿ ಅವಳು ತನ್ನ ಗಣಿತದ ನೋಟ್‌ಬುಕ್ಕನ್ನು ನಮ್ಮ ಮುಂದೆ ತೆರೆದಿಟ್ಟಳು. ಮೂರನೆಯ ಅಧ್ಯಾಯದ ನಂತರದ ಹಾಳೆಗಳು ಖಾಲಿ ಇದ್ದವು. ಅವಳು ದೂರಲಿಲ್ಲ. ಉಳಿದದ್ದನ್ನು ಯಾವಾಗ ಓದಲಿ ಎಂದಷ್ಟೇ ಕೇಳಿದಳು. ನಾವು ಇಬ್ಬರಿಗೆ ಸಾಮಗ್ರಿ ಆರಿಸಿದ್ದೆವು, ಮೂರನೆಯವಳನ್ನೇ ಸಾಮಗ್ರಿಯಾಗಿಸಿದ್ದೆವು.

ಅಕ್ಕ ತಮ್ಮಂದಿರಿಗೆ ಕಲಿಸುವುದು ತಪ್ಪೇ ಎಂದು ಕೇಳಬಹುದು. ಖಂಡಿತ ಅಲ್ಲ. ನಮ್ಮ ರಾಜ್ಯದ 'ನಲಿ ಕಲಿ' ಪದ್ಧತಿಯನ್ನೇ ನೋಡೋಣ. 1995ರಲ್ಲಿ ಎಚ್.ಡಿ. ಕೋಟೆಯ ಶಿಕ್ಷಕರು ರಿಷಿವ್ಯಾಲಿಯ ಪ್ರಯೋಗವನ್ನು ಕಂಡು ಬಂದು ಇದನ್ನು ರೂಪಿಸಿದರು. ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಎಲ್ಲರಿಗೂ ಒಂದೇ ಪಾಠವಿಲ್ಲ. ಪ್ರತಿ ಮಗುವೂ ಕಲಿಕೆಯ ಏಣಿಯಲ್ಲಿ ತಾನು ನಿಂತ ಮೆಟ್ಟಿಲಿನ ಕಾರ್ಡನ್ನು ತೆಗೆದುಕೊಂಡು ಕಲಿಯುತ್ತದೆ. ಅಲ್ಲಿ ಸಹಪಾಠಿಗಳ ನೆರವಿನಿಂದ ಕಲಿಯುವ ಗುಂಪೂ ಇದೆ. ಆದರೆ ಶಿಕ್ಷಕರ ನೆರವಿನ ಗುಂಪೂ, ಸ್ವಂತ ಕಲಿಕೆಯ ಗುಂಪೂ ಇವೆ. ಇನ್ನೊಬ್ಬರಿಗೆ ನೆರವಾದ ಮಗುವಿಗೆ ತನ್ನದೇ ಮುಂದಿನ ಮೆಟ್ಟಿಲು ಕಾದಿರುತ್ತದೆ. ನಮ್ಮ ಮನೆಯಲ್ಲಿ ಇಲ್ಲದೆ ಹೋದದ್ದು ಅದೇ.

ಇಂತಹ ತಪ್ಪು ದೊಡ್ಡವರಿಂದಲೂ ಆಗಿದೆ. 1910ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಆರಂಭವಾದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಗಾಂಧೀಜಿಯೇ ಮೇಷ್ಟ್ರಾಗಿದ್ದರು. ವಯಸ್ಸು, ಧರ್ಮ, ಭಾಷೆ ಬೇರೆ ಬೇರೆಯಾಗಿದ್ದ ಮಕ್ಕಳು ಅಲ್ಲಿದ್ದರು. ಪಠ್ಯಪುಸ್ತಕದ ಕೊರತೆ ತಮಗೆ ಕಾಣಲೇ ಇಲ್ಲವೆಂದೂ, ಶಿಕ್ಷಕನೇ ನಿಜವಾದ ಪುಸ್ತಕವೆಂದೂ ಅವರು ಆತ್ಮಕಥೆಯಲ್ಲಿ ಹೇಳಿದ್ದಾರೆ. ಚಿಕ್ಕ ಮಕ್ಕಳ ಮಟ್ಟಿಗೆ ಈ ಮಾತು ಸತ್ಯವಿರಬಹುದು. ಆದರೆ ಹಿರಿಯ ಮಗ ಹರಿಲಾಲ್ ಬಯಸಿದ್ದು ಕ್ರಮವಾದ ಉನ್ನತ ಶಿಕ್ಷಣ. 1911ರಲ್ಲಿ ಆತ ಮನೆ ಬಿಟ್ಟು ಹೊರಟ. ತಂದೆ ತಮ್ಮ ಮಕ್ಕಳಿಗೂ ಇತರರ ಮಕ್ಕಳಿಗೂ ಭೇದ ಮಾಡಲಿಲ್ಲ, ಅದು ಸಮಾನತೆ. ಆದರೆ ಎಳೆಯರಿಗೆ ಒಗ್ಗಿದ್ದು ಬೆಳೆದ ಮಗನಿಗೂ ಸಾಕೇ ಎಂಬ ಪ್ರಶ್ನೆ ಉಳಿಯಿತು. ಎಲ್ಲರಿಗೂ ಒಂದೇ ಅಳತೆಯಲ್ಲಿ ಕೊಡುವುದು ಸಮಾನತೆ ಆಗಬಹುದು. ಯಾರಿಗೆ ಯಾವುದು ಸಲ್ಲಬೇಕೋ ಅದನ್ನು ಸಲ್ಲಿಸುವುದು ನ್ಯಾಯ.

ಆ ಜನವರಿಯಲ್ಲಿ ನಾವು ಮತ್ತೆ ಮೊದಲಿನಿಂದ ಆರಿಸಲು ಕುಳಿತೆವು. ಈ ಬಾರಿ ಅಂಗಡಿಗೆ ಹೋಗುವ ಮುನ್ನ ಮಕ್ಕಳನ್ನು ನೋಡಿದೆವು. ಮನೆಯಲ್ಲಿ ಉರ್ದು ಮಾತಾಡುವ ಚಿಕ್ಕವನಿಗೆ ಚಿತ್ರದಲ್ಲಿದ್ದ ವಸ್ತುಗಳ ಕನ್ನಡ ಹೆಸರೇ ಗೊತ್ತಿರಲಿಲ್ಲ. ನಾವು ಇಂಗ್ಲಿಷ್ ಹೆಸರು ಬಾಯಿಪಾಠ ಮಾಡಿಸುತ್ತಿದ್ದೆವು. ಅವನಿಗೆ ಬೇಕಾಗಿದ್ದುದು ಮೊದಲು ಕನ್ನಡದ ಮಾತು ಮತ್ತು ಕಥೆ, ಆಮೇಲೆ ಅಕ್ಷರ. ನಡುವಿನವನಿಗೆ ಮಾರುಕಟ್ಟೆಯ ತೂಕದ ಚೀಟಿಯನ್ನೇ ಕೊಟ್ಟೆವು. ಇಷ್ಟು ಕ್ವಿಂಟಲ್ ಡಬ್ಬಿ ಮೆಣಸಿನಕಾಯಿ, ಇಂತಿಷ್ಟು ದರ, ಹಮಾಲಿ ಕಳೆದರೆ ರೈತನ ಕೈಗೆ ಎಷ್ಟು? ಅಭ್ಯಾಸ ಪುಸ್ತಕ ಕಂಡರೆ ಓಡುತ್ತಿದ್ದವನು ಈ ಲೆಕ್ಕಕ್ಕೆ ಪೆನ್ಸಿಲು ಹುಡುಕಿದ. ದೊಡ್ಡವಳಿಗೆ ಹೊಸ ಪುಸ್ತಕ ಬೇಕಿರಲಿಲ್ಲ. ಸಂಜೆ ಎರಡು ಗಂಟೆ ಯಾರೂ ಕರೆಯದ ಒಂದು ಕೋಣೆ ಬೇಕಿತ್ತು. ಆ ಹೊತ್ತು ತಮ್ಮಂದಿರ ಬಳಿ ನಮ್ಮಲ್ಲೊಬ್ಬರು ಕೂರಬೇಕಾಯಿತು. ಮೂರು ಆಯ್ಕೆಗಳಲ್ಲಿ ನಮಗೆ ಅತ್ಯಂತ ದುಬಾರಿಯಾದದ್ದು ಇದೇ.

ಆ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆ ಜುಲೈ 19 ಮತ್ತು 22ರಂದು ಎರಡೇ ದಿನ, ಸರಿಯುತ್ತರ ಗುರುತಿಸುವ ಮಾದರಿಯಲ್ಲಿ ನಡೆಯಿತು. ಮಗಳು ಪಾಸಾದಳು, ಬಹುತೇಕ ಎಲ್ಲರೂ ಪಾಸಾದರು. ಆದ್ದರಿಂದ ಅವಳು ಕಳೆದುಕೊಂಡದ್ದೆಷ್ಟು ಎಂಬುದನ್ನು ಅಂಕಪಟ್ಟಿ ಹೇಳಲಿಲ್ಲ. ಅದು ನಮಗೆ ಸಮಾಧಾನದ ವಿಷಯವಲ್ಲ.

ಶಾಲೆಗಳು ಎಂದೋ ತೆರೆದಿವೆ. ಆದರೆ ಸಂಜೆಯ ಪಾಠ, ರಜೆಯ ಪಾಠ ಎಲ್ಲ ಮನೆಗಳಲ್ಲೂ ಇದ್ದೇ ಇದೆ. ಹಂಗಾಮಿನಲ್ಲಿ ತಾಯಂದಿರು ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋದಾಗ ಚಿಕ್ಕವರನ್ನು ನೋಡಿಕೊಳ್ಳುವ ಹಿರಿಯ ಹೆಣ್ಣುಮಕ್ಕಳೂ ಇದ್ದಾರೆ. ನಮಗಿದ್ದ ಅನುಕೂಲ ಅವರ ಹೆತ್ತವರಿಗಿಲ್ಲ. ಅಲ್ಲಿ ಅಕ್ಕಪಕ್ಕದವರ, ಊರಿನವರ ಹೊಣೆಯೂ ಇದೆ. ಪುಸ್ತಕದ ಪಟ್ಟಿ ಬರೆಯುವಾಗ ಪ್ರತಿ ಮಗುವಿನ ಹೆಸರಿನ ಮುಂದೆ ಇನ್ನೊಂದು ಸಾಲನ್ನೂ ಬರೆಯೋಣ: ಇದನ್ನು ಕಲಿಸುವವರು ಯಾರು, ಅದಕ್ಕಾಗಿ ಯಾರ ಸಮಯ ಹೋಗುತ್ತದೆ? ಆ ಸಾಲಿನಲ್ಲಿ ಮನೆಯ ಹಿರಿಯ ಮಗಳ ಹೆಸರೇ ಮತ್ತೆ ಮತ್ತೆ ಬರುತ್ತಿದ್ದರೆ ಪಟ್ಟಿಯನ್ನು ಹರಿದು ಹೊಸದಾಗಿ ಬರೆಯುವುದೇ ಒಳ್ಳೆಯದು.