ಕನ್ನಡಕ ಹಾಕಿದ ದೆವ್ವ

ಅಕ್ಟೋಬರ್ ಕೊನೆಯ ವಾರ ಅಮೆರಿಕದ ಊರುಗಳಲ್ಲಿ ಸಂಜೆ ನಡೆಯಲು ಹೊರಟರೆ ಮನೆಗಳ ಮುಂದೆಲ್ಲ ಸಾವಿನ ಗುರುತುಗಳು. ಹುಲ್ಲುಹಾಸಿನ ಮೇಲೆ ಥರ್ಮೋಕೋಲ್‌ನ ಗೋರಿಕಲ್ಲು, ಜಗಲಿಯ ಕುರ್ಚಿಯಲ್ಲಿ ಕಾಲು ಚಾಚಿ ಕೂತ ಪ್ಲಾಸ್ಟಿಕ್ ಅಸ್ಥಿಪಂಜರ, ಮರದ ಕೊಂಬೆಯಿಂದ ತೂಗುವ ಬಿಳಿ ಬಟ್ಟೆಯ ದೆವ್ವ. 31ನೇ ತಾರೀಖು ಇವುಗಳ ನಡುವೆಯೇ ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಮಿಠಾಯಿ ಕೇಳುತ್ತಾರೆ. ಸಂಶೋಧನೆಗೆಂದು ಇಲ್ಲಿಗೆ ಬಂದ ನನ್ನನ್ನು ಹ್ಯಾಲೋವೀನ್ ಪ್ರತಿ ವರ್ಷ ಒಂದೇ ಪ್ರಶ್ನೆ ಕೇಳುತ್ತದೆ: ಸಾವನ್ನು ಮಕ್ಕಳ ಕೈಗೆ ಆಟದ ಸಾಮಾನಾಗಿ ಕೊಡುವುದು ಸರಿಯೇ?

ಸರಿಯಲ್ಲ ಅನ್ನುವವರ ಮಾತಿಗೆ ತೂಕವಿದೆ. ಅದೇ ಬೀದಿಯ ಯಾವುದೋ ಮನೆಯಲ್ಲಿ ಹೋದ ತಿಂಗಳು ನಿಜವಾಗಿ ಯಾರೋ ತೀರಿಕೊಂಡಿರಬಹುದು. ಅವರಿಗೆ ಪಕ್ಕದ ಮನೆಯ ಗೋರಿಕಲ್ಲು ತಮಾಷೆಯಾಗಿ ಕಾಣಲಾರದು. ನಮ್ಮ ಕಡೆಯಂತೂ ಮಕ್ಕಳ ಮುಂದೆ ಆ ಮಾತನ್ನೇ ಎತ್ತುವುದಿಲ್ಲ. ತಾತ ‘ದೇವರ ಹತ್ತಿರ ಹೋದರು’ ಎಂದಷ್ಟೇ ಹೇಳಿ ಮಾತು ಬದಲಿಸುತ್ತೇವೆ. ಮಗು ತಾನಾಗಿಯೇ ಸಾವಿನ ಮಾತಾಡಿದರೆ ‘ಬಿಡ್ತು ಅನ್ನು’ ಎಂದು ಗದರುತ್ತೇವೆ.

ಆದರೆ ಈ ಅಲಂಕಾರಗಳ ಮೂಲ ತಮಾಷೆಯಲ್ಲಿ ಇಲ್ಲ. ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳಲ್ಲಿ ಚಳಿಗಾಲ ಕಾಲಿಡುವ ಈ ರಾತ್ರಿ ಆತ್ಮಗಳು ಓಡಾಡುತ್ತವೆ ಎಂಬ ನಂಬಿಕೆಯಿತ್ತು. ಜನ ಟರ್ನಿಪ್ ಗಡ್ಡೆಯ ತಿರುಳು ತೆಗೆದು, ಮುಖ ಕೊರೆದು, ಒಳಗೆ ದೀಪ ಇಡುತ್ತಿದ್ದರು. ಕಟ್ಟುತ್ತಿರುವ ಮನೆಗೆ ರಾಕ್ಷಸನ ಮುಖ ಬರೆದ ಬೂದುಗುಂಬಳಕಾಯಿ ತೂಗುಹಾಕುವ ನಮಗೆ ಈ ತರ್ಕ ಹೊಸದಲ್ಲ. 19ನೇ ಶತಮಾನದಲ್ಲಿ ಐರಿಷ್ ವಲಸಿಗರ ಜೊತೆ ಈ ಆಚರಣೆ ಅಮೆರಿಕಕ್ಕೆ ಬಂತು. ಇಲ್ಲಿ ಟರ್ನಿಪ್‌ಗಿಂತ ದೊಡ್ಡದೂ ಕೊರೆಯಲು ಸುಲಭವೂ ಆದ ಸಿಹಿಗುಂಬಳ ಸಿಕ್ಕಿತು. ಆಮೇಲೆ ಮಾರುಕಟ್ಟೆಯೂ ಬಂತು. ಮೆಸಾಚುಸೆಟ್ಸ್‌ನ ಡೆನಿಸನ್ ಎಂಬ ಕಾಗದದ ಕಂಪನಿ 1909ರಲ್ಲಿ ‘ಬೋಗಿ ಬುಕ್’ ಎಂಬ ಪುಸ್ತಿಕೆ ಹೊರತಂದಿತು. ಮನೆಯಲ್ಲೇ ಹ್ಯಾಲೋವೀನ್ ಅಲಂಕಾರ ಮಾಡುವುದು ಹೇಗೆಂದು ಅದು ಹೇಳಿಕೊಡುತ್ತಿತ್ತು; ಅದಕ್ಕೆ ಬೇಕಾದ ಕ್ರೇಪ್ ಕಾಗದವನ್ನು ಅದೇ ಕಂಪನಿ ಮಾರುತ್ತಿತ್ತು. ಹಾಗಾಗಿ ಮನೆಯಲ್ಲಿ ಮಾಡಿದ್ದೆಲ್ಲ ಪವಿತ್ರ, ಅಂಗಡಿಯದ್ದೆಲ್ಲ ಕಲುಷಿತ ಎಂದು ಗೆರೆ ಎಳೆಯುವುದು ಕಷ್ಟ. ಆದರೂ ಎರಡರ ನಡುವೆ ಒಂದು ನೈತಿಕ ವ್ಯತ್ಯಾಸವಿದೆ ಅನ್ನಿಸುತ್ತದೆ.

ನಿಜದಲ್ಲಿ ನೋಡಲು ಸಂಕಟವಾಗುವ ಶವದಂಥವುಗಳ ಚಿತ್ರವನ್ನು ನಾವು ಸಂತೋಷದಿಂದ ನೋಡುತ್ತೇವೆ ಎಂಬುದನ್ನು ಅರಿಸ್ಟಾಟಲ್ ‘ಪೊಯೆಟಿಕ್ಸ್’ನಲ್ಲಿ ಗುರುತಿಸಿದ್ದಾನೆ. ನಮ್ಮ ನಾಟ್ಯಶಾಸ್ತ್ರದಲ್ಲಿ ಭಯವೆಂಬ ಸ್ಥಾಯಿಭಾವವೇ ಭಯಾನಕ ರಸವಾಗುತ್ತದೆ. ಎರಡೂ ಕಡೆ ನೋಡುವವನಿಗೆ ಸಿಗುವ ಸುಖದ ಮಾತಿದೆ. ಆದರೆ ಕತ್ತರಿ, ಅಂಟು ಹಿಡಿದು ಕೂತ ಮಗು ಬರೀ ನೋಡುವುದಿಲ್ಲ, ಭಯವನ್ನು ತಾನೇ ಮಾಡುತ್ತದೆ. ಒಂದು ಟಿಶ್ಯೂ ಕಾಗದವನ್ನು ಉಂಡೆ ಮಾಡಿ, ಅದರ ಮೇಲೆ ಇನ್ನೊಂದನ್ನು ಹೊದಿಸಿ, ಕುತ್ತಿಗೆಗೆ ದಾರ ಬಿಗಿದು, ಸ್ಕೆಚ್ ಪೆನ್ನಿನಲ್ಲಿ ಎರಡು ಚುಕ್ಕೆ ಇಟ್ಟರೆ ದೆವ್ವ. ಕಪ್ಪು ಕಾಗದ ಮಡಚಿ ಅರ್ಧ ರೆಕ್ಕೆ ಕತ್ತರಿಸಿ ಬಿಡಿಸಿದರೆ ಬಾವಲಿ. ದಾರ ಎಲ್ಲಿದೆ ಎಂದು ಮಗುವಿಗೆ ಗೊತ್ತು. ಆದರೂ ದೀಪ ಆರಿಸಿದ ಕೂಡಲೇ ಅದೇ ಮಗು ಕಿರುಚುತ್ತದೆ. ದಾರ ಗೊತ್ತಿದ್ದ ಮಾತ್ರಕ್ಕೆ ಭಯ ಹೋಗುವುದಿಲ್ಲ, ಅದು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗುತ್ತದೆ, ಅಷ್ಟೇ.

ಈ ಚಿಕ್ಕ ಭಯ ಒಮ್ಮೊಮ್ಮೆ ದೊಡ್ಡದರ ಬಾಗಿಲು ತೆರೆಯುವುದೂ ಉಂಟು. ಎರಡು ವರ್ಷದ ಹಿಂದೆ, ಇಲ್ಲೇ ಹತ್ತಿರದಲ್ಲಿರುವ ಕನ್ನಡದ ಮನೆಯೊಂದರಲ್ಲಿ, ಅಡುಗೆಮನೆಯ ಮೇಜಿನ ಮೇಲೆ ನಾವೆಲ್ಲ ಇಂಥ ದೆವ್ವಗಳನ್ನು ಕಟ್ಟುತ್ತಿದ್ದೆವು. ಆ ಮನೆಯ ಅಜ್ಜಿ ಆ ಬೇಸಿಗೆಯಲ್ಲಿ ಊರಲ್ಲಿ ತೀರಿಕೊಂಡಿದ್ದರು. ಮಕ್ಕಳನ್ನು ಕರೆದುಕೊಂಡು ಹೋಗಲು ಆಗಿರಲಿಲ್ಲ. ಆರು ವರ್ಷದ ಹುಡುಗ ತನ್ನ ದೆವ್ವದ ಚುಕ್ಕೆಗಳ ಸುತ್ತ ಎರಡು ಸೊನ್ನೆ ಸುತ್ತಿ, ನಡುವೆ ಗೆರೆ ಎಳೆದ. ‘ಅಜ್ಜಿಗೆ ಕನ್ನಡಕ ಇಲ್ದೆ ಕಾಣಲ್ಲ ಅಲ್ವಾ ಅಮ್ಮ?’ ಎಂದ. ಅಮ್ಮನ ಕೈ ನಿಂತಿತು. ‘ಬಿಡ್ತು ಅನ್ನು’ ಎಂಬ ಮಾತು ಅವರ ನಾಲಿಗೆಯ ತುದಿಯಲ್ಲಿತ್ತೋ ಏನೋ. ಸ್ವಲ್ಪ ಹೊತ್ತಾದ ಮೇಲೆ, ‘ಓದೋಕೆ ಮಾತ್ರ ಬೇಕಿತ್ತು ಪುಟ್ಟ, ದೂರದ್ದೆಲ್ಲ ಚೆನ್ನಾಗೇ ಕಾಣ್ತಿತ್ತು’ ಎಂದರು. ಆಮೇಲೆ ಅಜ್ಜಿಯ ಮಾತು ಬಹಳ ಹೊತ್ತು ನಡೆಯಿತು.

ಅಂಗಡಿಯ ಅಸ್ಥಿಪಂಜರ ಯಾರದ್ದೂ ಅಲ್ಲ. ಸಾವಿರಾರು ಮನೆಗಳ ಮುಂದೆ ಒಂದೇ ನಗು ನಗುವ ಅದಕ್ಕೆ ಕನ್ನಡಕ ಬರೆಯಬೇಕೆಂದು ಯಾವ ಮಗುವಿಗೂ ಸುಲಭಕ್ಕೆ ಹೊಳೆಯದು. ಅಪೂರ್ಣವಾದದ್ದಕ್ಕೆ ಮಾತ್ರ ಮುಖ ಬರುತ್ತದೆ, ಹೆಸರು ಬರುತ್ತದೆ. ಇನ್ನೊಂದು ವಿಷಯವೂ ಇದೆ. ಪ್ಲಾಸ್ಟಿಕ್ ಅಸ್ಥಿಪಂಜರ ಸಾಯುವುದಿಲ್ಲ. ನವೆಂಬರ್‌ನಲ್ಲಿ ಗ್ಯಾರೇಜಿಗೆ ಹೋಗಿ ಮುಂದಿನ ವರ್ಷ ಹಾಗೇ ಎದ್ದು ಬರುತ್ತದೆ. ಕಾಗದದ ದೆವ್ವ ಒಂದು ಮಳೆಗೆ ಮುದ್ದೆಯಾಗುತ್ತದೆ. ಕೊರೆದ ಕುಂಬಳ ಕೆಲವೇ ದಿನಗಳಲ್ಲಿ ಬಾಯಿ ಕುಸಿದು ಬೂಷ್ಟು ಹಿಡಿಯುತ್ತದೆ. 1943ರಲ್ಲಿ ಡೊನೆಗಾಲ್ ಸೀಮೆಯಿಂದ ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಬಂದ ಹಳೆಯ ಟರ್ನಿಪ್ ದೀಪವೊಂದು ಉಳಿಯುವಂತಿರಲಿಲ್ಲ. ಇಂದು ಅಲ್ಲಿರುವುದು ಅದರ ಪ್ಲಾಸ್ಟರ್ ಅಚ್ಚು. ತಾನು ಮಾಡಿದ್ದು ಹಾಳಾಗುವುದನ್ನು ನೋಡಿ, ಅದನ್ನು ಎತ್ತಿ ಗಿಡದ ಬುಡಕ್ಕೆ ಹಾಕುವ ಮಗು ಯಾರೂ ಉಪದೇಶ ಮಾಡದೆಯೇ ಒಂದು ಪಾಠ ಕಲಿಯುತ್ತದೆ.

ಹಾಗೆಂದು ಎಲ್ಲ ಮಕ್ಕಳನ್ನೂ ಈ ಮೇಜಿಗೆ ಎಳೆದು ಕೂರಿಸಬೇಕಿಲ್ಲ. ಈಚೆಗೆ ಯಾರನ್ನೋ ಕಳೆದುಕೊಂಡ ಮಗು ‘ನಂಗೆ ಬೇಡ’ ಎಂದರೆ ಅದೇ ಕೊನೆಯ ಮಾತಾಗಬೇಕು; ಅದಕ್ಕೆ ಕುಂಬಳದ ಬೀಜ ಹುರಿಯುವ ಕೆಲಸ ಕೊಡಬಹುದು. ಅಜ್ಜಿಯ ಮಾತು ಬಾರದೇ ಇದ್ದರೆ ನಾವಾಗಿ ತರಬೇಕಾಗಿಯೂ ಇಲ್ಲ. ದೆವ್ವ ಮಾಡುವುದು ಚಿಕಿತ್ಸೆಯಲ್ಲ, ಆಟ. ಆಟವಾಗಿ ಉಳಿದರಷ್ಟೇ ಅದಕ್ಕೆ ಆ ಶಕ್ತಿ.

ಆದ್ದರಿಂದ ನನ್ನ ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಬೇಕು. ಸಾವನ್ನು ಆಟಿಕೆ ಮಾಡಬಹುದೇ ಎಂದು ದೊಡ್ಡವರು ಚರ್ಚಿಸುತ್ತಿರುವಾಗಲೇ ಮಕ್ಕಳು ಅದನ್ನು ಆಟಕ್ಕೆ ಎಳೆದುಕೊಂಡಿರುತ್ತಾರೆ. ನಾವು ತೀರ್ಮಾನಿಸಬೇಕಾದ್ದು, ಆಟದ ನಡುವೆ ನಿಜವಾದ ಸಾವು ಇಣುಕಿದಾಗ ಎದ್ದು ಹೋಗುತ್ತೇವೋ ಅಥವಾ ಅಲ್ಲೇ ಕೂತು ಕೇಳಿದ್ದಕ್ಕೆ ಉತ್ತರ ಕೊಡುತ್ತೇವೋ ಎಂಬುದನ್ನು. ಕೂರುವುದಕ್ಕೆ ದೊಡ್ಡ ತತ್ವಜ್ಞಾನವೇನೂ ಬೇಡ. ಒಂದು ಸಂಜೆಯ ಬಿಡುವು ಬೇಕು, ಸ್ವಲ್ಪ ಕಾಗದ, ದಾರ ಬೇಕು. ಮತ್ತೆ ತೀರಿಕೊಂಡವರ ಬಗ್ಗೆ ನಿಜವಾದ ಒಂದು ಸಣ್ಣ ವಿವರವನ್ನು ಗಂಟಲು ಕಟ್ಟಿದರೂ ಹೇಳುವ ಮನಸ್ಸು ಬೇಕು.